ದವಾಖಾನೆಯ ಸಮಿತಿಯಲ್ಲಿ ರೋಗಿಗೂ ಒಂದು ಕುರ್ಚಿ ಬೇಕು

ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವ ಹೆದ್ದಾರಿಯಲ್ಲಿ, ಕಮಲಾಪುರ ಬರುವ ಮೊದಲೇ ಮಹಾಗಾಂವ ಕ್ರಾಸ್ ಸಿಗುತ್ತದೆ. ಇಂಥ ಕ್ರಾಸುಗಳಲ್ಲಿ ಬಸ್ಸಿಗೋ ಟಂಟಂಗೋ ಕಾಯುತ್ತ ನಿಂತವರಲ್ಲಿ ದವಾಖಾನೆಗೆ ಹೊರಟವರು ಯಾರೆಂದು ಅವರ ಕೈಯ ಪ್ಲಾಸ್ಟಿಕ್ ಚೀಲವೇ ಹೇಳುತ್ತದೆ. ಚೀಲದಲ್ಲಿ ಮಡಚಿ ಮಡಚಿ ಮೆತ್ತಗಾದ ಚೀಟಿಗಳು, ಹಳೆಯ ರಕ್ತಪರೀಕ್ಷೆಯ ಕಾಗದ, ಖಾಲಿಯಾದ ಗುಳಿಗೆಯ ಹಾಳೆ ಇರುತ್ತವೆ. ದವಾಖಾನೆಗೆ ಎಷ್ಟು ಹೊತ್ತಿಗೆ ಹೋದರೆ ಪಾಳಿ ಬೇಗ ಬರುತ್ತದೆ, ಯಾವ ದಿನ ರಕ್ತಪರೀಕ್ಷೆ ಇರುವುದಿಲ್ಲ, ಯಾವ ಗುಳಿಗೆ ತಿಂಗಳ ಕೊನೆಗೆ ಮುಗಿದುಹೋಗುತ್ತದೆ, ಬಾಣಂತಿ ಕೂರಲು ನೆರಳು ಎಲ್ಲಿದೆ ಎಂಬುದೆಲ್ಲ ಆ ಚೀಲ ಹಿಡಿದವರಿಗೆ ಬಾಯಿಪಾಠ. ಈ ತಿಳಿವಳಿಕೆಯನ್ನು ಅವರಿಂದ ಕೇಳಿ ಪಡೆಯುವ, ಪಡೆದು ದವಾಖಾನೆಯ ನಡೆಯನ್ನು ತಿದ್ದಿಕೊಳ್ಳುವ ಏರ್ಪಾಡು ನಮ್ಮಲ್ಲಿ ಕಾಗದದ ಮೇಲೆ ಇದೆ. ಅದನ್ನು ನೆಲಕ್ಕಿಳಿಸಬೇಕಾದರೆ ದವಾಖಾನೆಯ ಸಮಿತಿಯಲ್ಲಿ ಅರ್ಧದಷ್ಟು ಸ್ಥಾನ ಅಲ್ಲಿ ಚಿಕಿತ್ಸೆ ಪಡೆಯುವವರಿಗೇ ಸಿಗಬೇಕು, ಅವರು ಎತ್ತಿದ ಮಾತಿಗೆ ಗಡುವಿನೊಳಗೆ ಉತ್ತರ ಕೊಡುವುದು ಕಡ್ಡಾಯವಾಗಬೇಕು ಎಂಬುದು ಈ ಬರಹದ ವಾದ.

ಸಮಿತಿಗಳಿಗೇನೂ ನಮ್ಮಲ್ಲಿ ಬರವಿಲ್ಲ. 1990ರ ದಶಕದ ನಡುವಿನಲ್ಲಿ ಇಂದೋರಿನ ಮಹಾರಾಜಾ ಯಶವಂತರಾವ್ ಆಸ್ಪತ್ರೆಯಲ್ಲಿ ಇಲಿಗಳ ಕಾಟ ಮಿತಿಮೀರಿತ್ತು. ಸೂರತ್ತಿನ ಪ್ಲೇಗಿನ ಭೀತಿ ಇನ್ನೂ ಹಸಿಯಾಗಿದ್ದ ಕಾಲ ಅದು. ಆಸ್ಪತ್ರೆಯನ್ನೇ ಖಾಲಿ ಮಾಡಿ ಸ್ವಚ್ಛಗೊಳಿಸಲಾಯಿತು. ಮುಂದೆ ಅದನ್ನು ಸುಸ್ಥಿತಿಯಲ್ಲಿ ಇಡಲು ಊರಿನವರನ್ನೂ ಸೇರಿಸಿಕೊಂಡು ರೋಗಿ ಕಲ್ಯಾಣ ಸಮಿತಿ ಹುಟ್ಟಿತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಈ ಮಾದರಿ ದೇಶದುದ್ದಕ್ಕೂ ಹರಡಿತು. ಕರ್ನಾಟಕದಲ್ಲಿ ಅದರ ಹೆಸರು ಆರೋಗ್ಯ ರಕ್ಷಾ ಸಮಿತಿ. ಊರಿನ ಮಟ್ಟದಲ್ಲಿ ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿ ಬಂತು, ಅದಕ್ಕೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ. ಉಪಕೇಂದ್ರಗಳು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾದ ಮೇಲೆ ಜನ ಆರೋಗ್ಯ ಸಮಿತಿಗಳೂ ಸೇರಿಕೊಂಡವು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಮಿತಿಯ ಕೈಗೆ ವರ್ಷಕ್ಕೆ 1,75,000 ರೂಪಾಯಿ, ಉಪಕೇಂದ್ರಕ್ಕೆ 50,000 ರೂಪಾಯಿ ಎಂದು ನಿಯಮ ಹೇಳುತ್ತದೆ. ಕುಡಿಯುವ ನೀರು, ಬೆಂಚು, ಫ್ಯಾನು, ಕಕ್ಕಸಿನ ಬಾಗಿಲು, ತುರ್ತಿಗೆ ಬೇಕಾದ ಔಷಧಿ, ಹೀಗೆ ಮೇಲಿನ ಕಚೇರಿಗೆ ಕಡತ ಕಳಿಸಿ ಕಾಯದೆ ಮಾಡಿಸಬಹುದಾದ ಕೆಲಸಗಳಿಗೆಂದೇ ಇರುವ ಹಣ ಅದು.

ತೊಂದರೆ ಇರುವುದು ಆ ಮೇಜಿನ ಸುತ್ತ ಕೂರುವವರ ಪಟ್ಟಿಯಲ್ಲಿ. ಚುನಾಯಿತ ಪ್ರತಿನಿಧಿ, ಅಧಿಕಾರಿ, ವೈದ್ಯಾಧಿಕಾರಿ, ಬೇರೆ ಇಲಾಖೆಯವರು, ನಾಮನಿರ್ದೇಶಿತ ಗಣ್ಯರು, ಇವರೇ ಸಮಿತಿಯ ಬೆನ್ನೆಲುಬು. ಪ್ರತಿ ತಿಂಗಳು ಬಿಪಿ ಗುಳಿಗೆಗೆ ಬರುವವರು, ಅಲ್ಲೇ ಹೆರಿಗೆಯಾದವರು, ಕ್ಷಯಕ್ಕೆ ಆರು ತಿಂಗಳು ಔಷಧಿ ತಿಂದವರು ಇದ್ದರೂ ಅಂಚಿನಲ್ಲಿ ಇರುತ್ತಾರೆ. ಚುನಾಯಿತರು ಜನರ ಪರವಾಗಿ ಮಾತಾಡುತ್ತಾರಲ್ಲ ಎನ್ನಬಹುದು. ಆದರೆ ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆ ಸದಸ್ಯರ ಮೇಲೆ ಆತುಕೊಂಡ ಯಾವ ಸಮಿತಿಯಾದರೂ ಅಷ್ಟು ಕಾಲ ಅಧಿಕಾರಿಗಳ ಸಭೆಯಾಗಿಯೇ ಉಳಿಯಬೇಕಾಗುತ್ತದೆ. ರೋಗಿಗಳ ಸ್ಥಾನಕ್ಕೆ ಈ ಅಪಾಯವಿಲ್ಲ. ಚುನಾವಣೆ ನಡೆಯಲಿ ಬಿಡಲಿ, ದವಾಖಾನೆಗೆ ರೋಗಿಗಳು ಬರುತ್ತಲೇ ಇರುತ್ತಾರೆ. ಪಕ್ಕದ ಶಾಲೆಯನ್ನು ನೋಡಿದರೆ ಈ ವಿಚಾರ ಹೊಸದಲ್ಲ ಎಂಬುದೂ ಗೊತ್ತಾಗುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ (ಎಸ್‌ಡಿಎಂಸಿ). ಅಲ್ಲಿ ಮಕ್ಕಳನ್ನು ಆ ಶಾಲೆಗೆ ಕಳಿಸುವ ತಂದೆತಾಯಿಯರೇ ಸದಸ್ಯರಾಗುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯಂತೂ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಬರೆದೇ ಇಟ್ಟಿದೆ. ಶಾಲೆಯ ವಿಷಯದಲ್ಲಿ ಒಪ್ಪಿಕೊಂಡದ್ದನ್ನು ದವಾಖಾನೆಯ ವಿಷಯದಲ್ಲಿ ಒಪ್ಪಲು ಏನಡ್ಡಿ?

ರೋಗಿಗೆ ಏನು ಗೊತ್ತು ಎಂಬ ಪ್ರಶ್ನೆ ಮೊದಲು ಬರುವುದರಿಂದ ಒಂದು ಸಣ್ಣ ವಿಷಯವನ್ನು ಹತ್ತಿರದಿಂದ ನೋಡೋಣ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇರುವ ಒಬ್ಬ ಕೂಲಿಕಾರ ಹೆಂಗಸು ಎಂದುಕೊಳ್ಳಿ. ಔಷಧಿ ಕೊಡುವ ಕಿಂಡಿಯಲ್ಲಿ ಆಕೆಗೆ ಎರಡು ಬಗೆಯ ಗುಳಿಗೆ ಸಿಗುತ್ತದೆ, ಎರಡೂ ಬಿಳಿ, ಎರಡೂ ಗುಂಡಗೆ. ಒಂದು ದಿನಕ್ಕೆರಡು ಸಲ ಊಟದ ಜೊತೆ, ಇನ್ನೊಂದು ದಿನಕ್ಕೊಂದೇ ಎಂದು ಕಿಂಡಿಯಾಚೆಯಿಂದ ಹೇಳುತ್ತಾರೆ. ಹಿಂದಿನ ಪಾಳಿಯವರು ತಳ್ಳುತ್ತಿರುತ್ತಾರೆ. ಮುಂದಿನ ಸರಬರಾಜಿನಲ್ಲಿ ಕಂಪನಿ ಬದಲಾದರೆ ಹಾಳೆಯ ಬಣ್ಣವೂ ಬದಲಾಗುತ್ತದೆ. ಓದು ಬರದ ಆಕೆ ಮನೆಗೆ ಬಂದು, ಹೋದ ಸಲ ಹಸಿರು ಹಾಳೆಯದು ರಾತ್ರಿಯ ಗುಳಿಗೆಯಾಗಿತ್ತು ಎಂಬ ನೆನಪಿನ ಮೇಲೆ ನುಂಗುತ್ತಾಳೆ. ಎರಡು ತಿಂಗಳ ನಂತರ ಸಕ್ಕರೆ ಇಳಿಯದಿದ್ದಾಗ ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ. ಚೀಟಿಯಲ್ಲಿ ತಪ್ಪಿಲ್ಲ, ಗುಳಿಗೆಯಲ್ಲೂ ತಪ್ಪಿಲ್ಲ. ತಪ್ಪಿದ್ದು ಕಿಂಡಿಗೂ ಆಕೆಯ ಮನೆಯ ಗೂಡಿಗೂ ನಡುವೆ, ಮತ್ತು ಆ ದಾರಿಯನ್ನು ಕಂಡವಳು ಆಕೆಯೊಬ್ಬಳೇ. ಕಾಗದದ ಪೊಟ್ಟಣದ ಮೇಲೆ ಒಂದು ಸೂರ್ಯ, ಒಂದು ಚಂದ್ರ ಬರೆದುಕೊಟ್ಟರೆ ಮುಗಿಯುವ ಕೆಲಸ ಇದು. ಪೆನ್ನಿನ ಶಾಯಿಯಷ್ಟೇ ಖರ್ಚು. ಆದರೆ ಅದು ಹೊಳೆಯಬೇಕಾದರೆ ಆಕೆಯ ಮಾತು ಯಾರದೋ ಕಿವಿಗೆ ಬೀಳಬೇಕು.

ಅದೇ ಗುಳಿಗೆಯ ಇನ್ನೊಂದು ಲೆಕ್ಕವೂ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಇಲ್ಲ. ಹಾಗಾಗಿ ದವಾಖಾನೆಗೆ ಬರುವುದು ಪುಕ್ಕಟೆ ಎಂದು ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಹತ್ತು ದಿನದ ಗುಳಿಗೆ ಕೊಟ್ಟು ಮತ್ತೆ ಬಾ ಎಂದರೆ ತಿಂಗಳಿಗೆ ಮೂರು ದಿನದ ದುಡಿಮೆ ಹೋಗುತ್ತದೆ. 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಮೂರು ದಿನಕ್ಕೆ 1,110. ಮೂವತ್ತು ದಿನದ ಗುಳಿಗೆ ಒಟ್ಟಿಗೆ ಕೊಟ್ಟರೆ ಆಕೆಗೆ 740 ರೂಪಾಯಿ ಉಳಿಯುತ್ತದೆ, ದವಾಖಾನೆಯ ಪಾಳಿಯಲ್ಲಿ ಎರಡು ತಲೆ ಕಡಿಮೆಯಾಗುತ್ತವೆ. ತೊಗರಿ ರಾಶಿಯ ಹೊತ್ತಿನಲ್ಲಿ ಕೂಲಿ ಬಿಟ್ಟು ಬರಲಾಗದೆ ಗುಳಿಗೆಯನ್ನೇ ಬಿಡುವವರು, ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುವಾಗ ಕೈಯಲ್ಲಿ ಔಷಧಿಯೇ ಇಲ್ಲದೆ ರೈಲು ಹತ್ತುವವರು ನಮ್ಮ ಭಾಗದಲ್ಲಿ ಕಡಿಮೆಯಿಲ್ಲ. ಭಾರತದ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮವೂ ಒಮ್ಮೆಗೆ ತಿಂಗಳ ಔಷಧಿ ಕೊಡಿ ಎಂದೇ ಹೇಳುತ್ತದೆ. ಇಲಾಖೆಯ ತಜ್ಞರು ಅಧ್ಯಯನದಿಂದ ಮುಟ್ಟಿದ ತೀರ್ಮಾನವನ್ನು ಮಹಾಗಾಂವದ ಸುತ್ತಲಿನ ಯಾವುದೇ ಹಳ್ಳಿಯ ಬಿಪಿ ರೋಗಿ ಮೊದಲ ಸಭೆಯಲ್ಲೇ ಹೇಳಬಲ್ಲರು. ರೋಗಿಗೆ ವೈದ್ಯಶಾಸ್ತ್ರ ಗೊತ್ತಿಲ್ಲ, ನಿಜ. ಯಾವ ಗುಳಿಗೆ ಕೊಡಬೇಕೆಂದು ಹೇಳುವ ಹಕ್ಕನ್ನು ಯಾರೂ ಅವರಿಗಾಗಿ ಕೇಳುತ್ತಿಲ್ಲ. ಗುಳಿಗೆ ಕೈಗೆ ಬರುವ, ಹೊಟ್ಟೆಗೆ ಹೋಗುವ ದಾರಿಯ ಬಗ್ಗೆ ಮಾತ್ರ ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ.

ಇದು ಬರೀ ಊಹೆಯಲ್ಲ, ಮಾಡಿ ನೋಡಿದವರಿದ್ದಾರೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನ ಬೆರಿನ್ಸ್‌ಫೀಲ್ಡ್ ಎಂಬ ಹಳ್ಳಿಯ ವೈದ್ಯ ಪೀಟರ್ ಪ್ರಿಚರ್ಡ್ 1972ರಲ್ಲಿ ತಮ್ಮ ಚಿಕಿತ್ಸಾಲಯದ ರೋಗಿಗಳನ್ನು ಕೂಡಿಸಿ ಒಂದು ಗುಂಪು ಮಾಡಿದರು. ಮುಂದೆ ಅಲ್ಲಿನ ಪ್ರತಿ ವೈದ್ಯರ ಚಿಕಿತ್ಸಾಲಯಕ್ಕೂ ಇಂಥ ಗುಂಪು ಇರಲೇಬೇಕೆಂಬುದು ಸರ್ಕಾರಿ ಕರಾರಿನ ಷರತ್ತಾಯಿತು. ಬ್ರೆಜಿಲ್ ಇನ್ನೂ ಮುಂದೆ ಹೋಯಿತು. 1990ರ ಕಾಯ್ದೆಯ ಪ್ರಕಾರ ಅಲ್ಲಿನ ಆರೋಗ್ಯ ಮಂಡಳಿಗಳಲ್ಲಿ ಅರ್ಧ ಸ್ಥಾನ ಸೇವೆ ಪಡೆಯುವವರದು. ಉಳಿದರ್ಧವನ್ನು ಸಿಬ್ಬಂದಿ, ಸರ್ಕಾರ, ಸೇವೆ ಕೊಡುವ ಸಂಸ್ಥೆಗಳು ಹಂಚಿಕೊಳ್ಳುತ್ತವೆ. ಅಷ್ಟು ದೂರ ಯಾಕೆ, ನಮ್ಮ ಗಡಿಯಾಚೆಯ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆ, ಮಹಾರಾಷ್ಟ್ರದಲ್ಲಿ 2007ರಲ್ಲಿ ಶುರುವಾದ ಜನಾಧಾರಿತ ಮೇಲ್ವಿಚಾರಣೆಯ ಮೊದಲ ಐದು ಜಿಲ್ಲೆಗಳಲ್ಲಿ ಒಂದು. ಹಳ್ಳಿಯವರೇ ಕೂತು ತಮ್ಮ ದವಾಖಾನೆಯ ಒಂದೊಂದು ಸೇವೆಗೂ ಹಸಿರು, ಹಳದಿ, ಕೆಂಪು ಬಣ್ಣ ಕೊಟ್ಟರು. ಆಮೇಲೆ ಜನಸುನಾವಣೆಯಲ್ಲಿ ಅಧಿಕಾರಿಗಳ ಎದುರು ಆ ಹಾಳೆಯನ್ನು ಓದಿದರು. ಔಷಧಿ ಹೊರಗಿನ ಅಂಗಡಿಗೆ ಬರೆದುಕೊಡುವುದು, ಪುಕ್ಕಟೆ ಸೇವೆಗೆ ಹಣ ಕೇಳುವುದು, ಸಿಬ್ಬಂದಿ ಊರಿಗೇ ಬರದಿರುವುದು, ಇವು ಎಲ್ಲರೆದುರು ಚರ್ಚೆಯಾದವು, ಹಲವೆಡೆ ನಿಂತವು. ಮೊದಲ ಸುತ್ತಿನಲ್ಲಿ ಅರ್ಧಕ್ಕಿಂತ ಕಡಿಮೆ ಇದ್ದ ‘ಚೆನ್ನಾಗಿದೆ’ ಎಂಬ ಗುರುತು ಮೂರನೇ ಸುತ್ತಿನ ಹೊತ್ತಿಗೆ ಸುಮಾರು ಮೂರರಲ್ಲಿ ಎರಡು ಪಾಲಿಗೆ ಏರಿತು. ಅದೇ ಕಾರ್ಯಕ್ರಮದ ಕರ್ನಾಟಕದ ಪ್ರಯೋಗ ನಡೆದದ್ದು ತುಮಕೂರು, ಚಾಮರಾಜನಗರ, ಗದಗ ಮತ್ತು ನಮ್ಮ ನೆರೆಯ ರಾಯಚೂರಿನಲ್ಲಿ. ಇಲ್ಲಿ ಅದು ದಿನನಿತ್ಯದ ವ್ಯವಸ್ಥೆಯಾಗಿ ಬೇರೂರಲಿಲ್ಲ. ಪ್ರಾಯೋಗಿಕ ಯೋಜನೆಯಾಗಿ ಬಂದದ್ದು ಯೋಜನೆಯ ಜೊತೆಗೇ ಸವೆದುಹೋಗುವುದನ್ನು ಕಲ್ಯಾಣ ಕರ್ನಾಟಕದವರು ಬೇಕಾದಷ್ಟು ಸಲ ಕಂಡಿದ್ದಾರೆ. ಸ್ಥಾನವನ್ನು ನಿಯಮದಲ್ಲೇ ಬರೆಯಿರಿ ಎಂದು ಒತ್ತಾಯಿಸುವುದಕ್ಕೆ ಇದೇ ಕಾರಣ.

ಎದುರು ಸಾಕ್ಷ್ಯವನ್ನೂ ಮುಚ್ಚಿಡಬಾರದು. ಉಗಾಂಡಾದ ಒಂಬತ್ತು ಜಿಲ್ಲೆಗಳ 50 ಆರೋಗ್ಯ ಕೇಂದ್ರಗಳಲ್ಲಿ ನಡೆಸಿದ ಪ್ರಯೋಗವೊಂದರ ಫಲಿತಾಂಶವನ್ನು ಬ್ಯೋರ್ಕ್‌ಮನ್ ಮತ್ತು ಸ್ವೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದರು. ಜನರಿಗೆ ತಮ್ಮ ದವಾಖಾನೆಯ ಸ್ಥಿತಿಗತಿಯ ಹಾಳೆ ಕೊಟ್ಟು, ಸಿಬ್ಬಂದಿಯ ಜೊತೆ ಕೂಡಿಸಿ, ಏನು ಮಾಡಬೇಕೆಂದು ಒಟ್ಟಿಗೆ ತೀರ್ಮಾನಿಸಲು ಬಿಟ್ಟಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಮೂರನೇ ಒಂದರಷ್ಟು ಇಳಿದಿತ್ತು. ಜಗತ್ತು ಬೆರಗಾಯಿತು. ಆದರೆ ಒಂದು ದಶಕದ ನಂತರ ಅದೇ ದೇಶದಲ್ಲಿ 376 ಕೇಂದ್ರಗಳಲ್ಲಿ ಇನ್ನೊಂದು ತಂಡ ಇದನ್ನೇ ಪರೀಕ್ಷಿಸಿದಾಗ ಚಿಕಿತ್ಸೆಯ ಗುಣಮಟ್ಟದಲ್ಲಿ, ರೋಗಿಗಳ ಸಮಾಧಾನದಲ್ಲಿ ಅಲ್ಪಸ್ವಲ್ಪ ಸುಧಾರಣೆ ಕಂಡಿತೇ ಹೊರತು ಮಕ್ಕಳ ಸಾವಿನ ಪ್ರಮಾಣ ಇಳಿಯಲಿಲ್ಲ. ಹಾಗಾಗಿ ರೋಗಿಗಳನ್ನು ಕೂರಿಸಿದ ಮಾತ್ರಕ್ಕೆ ಸಾವು ತಪ್ಪುತ್ತದೆ ಎಂದು ಯಾರಾದರೂ ಹೇಳಿದರೆ ಅದು ಅತಿಯ ಮಾತು. ನನ್ನ ವಾದ ಅಷ್ಟು ದೊಡ್ಡದನ್ನು ಹೊರುವುದಿಲ್ಲ. ನೀರು, ಪಾಳಿ, ಗುಳಿಗೆ, ಮಾತಿನ ಮರ್ಯಾದೆ, ಹೆರಿಗೆ ಕೋಣೆಯ ಪರದೆ ಸುಧಾರಿಸುವುದಾದರೆ ಅದಕ್ಕಾಗಿಯೇ ಇದನ್ನು ಮಾಡಬೇಕು. ಅಲ್ಲದೆ ವೈದ್ಯರ, ಔಷಧಿಯ, ಹಣದ ಕೊರತೆ ಹಾಗೇ ಇರುವಲ್ಲಿ ಜನ ಎಷ್ಟು ಸಭೆ ಮಾಡಿದರೂ ಒಂದು ಮಿತಿಯಾಚೆ ಏನೂ ಕದಲುವುದಿಲ್ಲ. ಸಮಿತಿಯ ಮಾತು ಊರಲ್ಲೇ ನಿಲ್ಲದೆ ತಾಲ್ಲೂಕು, ಜಿಲ್ಲೆಯ ಅಧಿಕಾರಿಗಳವರೆಗೆ ಹೋಗಬೇಕು, ಅಲ್ಲಿಂದ ಲಿಖಿತ ಉತ್ತರ ಬರಬೇಕು ಎನ್ನುವುದು ಅದಕ್ಕೇ.

ವೈದ್ಯರ ಆಕ್ಷೇಪವನ್ನು ಗೌರವದಿಂದ ಕೇಳಬೇಕು. 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನಕ್ಕೊಂದು ಸಮುದಾಯ ಆರೋಗ್ಯ ಕೇಂದ್ರ ಎಂಬುದು ಬಯಲುಸೀಮೆಗೆ ಹಾಕಿದ ಅಳತೆ. ಬೆಳಗಿನ ಓಪಿಡಿ, ಲಸಿಕೆ, ವರದಿ, ವಿಡಿಯೊ ಸಭೆ, ಅಪಘಾತದ ಕೇಸು, ಇವುಗಳ ನಡುವೆ ಸಿಕ್ಕ ವೈದ್ಯರಿಗೆ ಇನ್ನೊಂದು ಸಭೆ ಎಂದರೆ ಇನ್ನೊಂದು ಹೊರೆ. ಅದರ ಮೇಲೆ ಭಯವೂ ಇದೆ: ಜನರನ್ನು ಕರೆದರೆ ಅವರು ಕೂಗಾಡಿದರೆ? ವೈದ್ಯರ ಮೇಲಿನ ಹಲ್ಲೆ ತಡೆಯಲು 2009ರಲ್ಲೇ ಕಾಯ್ದೆ ಮಾಡಬೇಕಾಗಿ ಬಂದ ಕರ್ನಾಟಕದಲ್ಲಿ ಇದು ಸುಳ್ಳು ಭಯವಲ್ಲ. ಆದರೆ ಕೂಗಾಟ ಹುಟ್ಟುವುದು ಎಲ್ಲಿ? ಕೇಳಲು ಜಾಗವಿಲ್ಲದೆ, ತಿಂಗಳುಗಟ್ಟಲೆ ಒಳಗೇ ಕುದ್ದ ಅಸಮಾಧಾನ ಒಂದು ರಾತ್ರಿ ಹೆರಿಗೆ ಕೋಣೆಯ ಹೊರಗೋ ಹಾವು ಕಚ್ಚಿದವರನ್ನು ಹೊತ್ತು ತಂದಾಗಲೋ ಒಡೆಯುತ್ತದೆ. ಆಗ ಎದುರಿಗೆ ಸಿಗುವುದು ರಾತ್ರಿ ಪಾಳಿಯ ಒಬ್ಬ ನರ್ಸು. ತಿಂಗಳಿಗೊಮ್ಮೆ ಹಗಲು ಹೊತ್ತಿನಲ್ಲಿ, ಗುರುತಿನ ಮುಖಗಳ ನಡುವೆ, ಹಾವಿನ ವಿಷದ ಔಷಧಿ ಇಲ್ಲಿ ಎಷ್ಟಿದೆ, ಯಾವ ಸ್ಥಿತಿಯಲ್ಲಿ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಕಳಿಸಲೇಬೇಕಾಗುತ್ತದೆ ಎಂದು ವೈದ್ಯರು ಬಿಡಿಸಿ ಹೇಳಿದ್ದರೆ ಆ ರಾತ್ರಿ ಅವರ ಪರವಾಗಿ ಮಾತಾಡಲು ಊರಿನಲ್ಲೇ ನಾಲ್ಕು ಜನ ಇರುತ್ತಾರೆ. ಖಾಲಿ ಹುದ್ದೆ ತುಂಬಿರಿ ಎಂದು ವೈದ್ಯರು ಒಬ್ಬರೇ ಬರೆದರೆ ಅದು ಕಡತ. ರೋಗಿಗಳು ಅರ್ಧ ಇರುವ ಸಮಿತಿ ನಿರ್ಣಯ ಮಾಡಿ ಕಳಿಸಿದರೆ ಅದನ್ನು ತಳ್ಳಿಹಾಕುವುದು ಕಷ್ಟ. ಈ ಸಮಿತಿಯಿಂದ ಹೆಚ್ಚು ಲಾಭವಾಗುವುದು ನಿಷ್ಠೆಯಿಂದ ದುಡಿಯುವ ವೈದ್ಯರಿಗೇ ಎಂದು ನಾನು ನಂಬುತ್ತೇನೆ.

ಹೆಚ್ಚು ತೂಕದ ಆಕ್ಷೇಪ ಇನ್ನೊಂದಿದೆ. ರೋಗಿಗಳ ಹೆಸರಿನಲ್ಲಿ ಊರ ಮುಖಂಡರೇ ಬಂದು ಕೂರುತ್ತಾರೆ, ಹೆಂಗಸರ ಕುರ್ಚಿಯಲ್ಲಿ ಅವರ ಗಂಡಂದಿರು ಮಾತಾಡುತ್ತಾರೆ, ತಾಂಡಾದವರು, ದಲಿತ ಕೇರಿಯವರು ಬಾಗಿಲ ಬಳಿಯೇ ಉಳಿಯುತ್ತಾರೆ ಎಂಬುದು. ಇದನ್ನು ಅಲ್ಲಗಳೆಯಲಾಗದು. ನಮ್ಮ ಭಾಗದ ಯಾವ ಸಮಿತಿಗಾದರೂ ಈ ರೋಗ ತಗಲುತ್ತದೆ. ಅದಕ್ಕೇ ಆಯ್ಕೆಯನ್ನು ನಾಮನಿರ್ದೇಶನಕ್ಕೆ ಬಿಡಬಾರದು. ದವಾಖಾನೆಯ ಪುಸ್ತಕದಲ್ಲಿ ಹೆಸರಿರುವ, ವರ್ಷದಲ್ಲಿ ಕೆಲವು ಸಲವಾದರೂ ಚಿಕಿತ್ಸೆ ಪಡೆದ, ಒಪ್ಪಿಗೆ ಕೊಟ್ಟವರ ನಡುವೆ ಎಲ್ಲರೆದುರು ಚೀಟಿ ಎತ್ತಬೇಕು. ಅರ್ಧ ಹೆಂಗಸರು ಇರಲೇಬೇಕು. ಒಬ್ಬರು ಅಂಗವಿಕಲರು, ಒಬ್ಬರು ದೂರದ ತಾಂಡಾದವರು, ಒಬ್ಬರು ಇತ್ತೀಚೆಗೆ ಹೆತ್ತ ತಾಯಿ ಎಂದು ಹೆಸರಿಸಿಯೇ ಬರೆಯಬೇಕು. ಚೀಟಿ ಎತ್ತಿದವರ ಬದಲು ಇನ್ನೊಬ್ಬರು ಕೂರುವಂತಿಲ್ಲ. ಎರಡು ವರ್ಷಕ್ಕೆ ಸದಸ್ಯತ್ವ ಮುಗಿಯಬೇಕು. ಸಭೆಗೆ ಬಂದ ದಿನದ ಕೂಲಿ ಸಮಿತಿಯ ನಿಧಿಯಿಂದ ಕೊಡಬೇಕು. ಅಧಿಕಾರಿ ಸಂಬಳದ ದಿನ ಕೂರುತ್ತಾರೆ, ಕೂಲಿಯವರು ಮಾತ್ರ ದುಡಿಮೆ ಕಳೆದುಕೊಂಡು ಕೂರಬೇಕೆಂದರೆ ಎರಡನೇ ಸಭೆಗೆ ಅವರು ಬರುವುದಿಲ್ಲ. ಯಾರ ಕಾಯಿಲೆಯ ವಿಷಯವೂ ಸಭೆಯಲ್ಲಿ ಹೆಸರು ಹಿಡಿದು ಚರ್ಚೆಯಾಗಬಾರದು ಎಂಬುದನ್ನೂ ಸೇರಿಸಬೇಕು, ಸಣ್ಣ ಊರಿನಲ್ಲಿ ಆ ಅಂಜಿಕೆಯೇ ಎಷ್ಟೋ ಜನರ ಬಾಯಿ ಕಟ್ಟುತ್ತದೆ.

ಹಣವಿಲ್ಲ ಎಂಬ ಮಾತಿಗೆ ಕಲಬುರಗಿ ಜಿಲ್ಲೆಯಲ್ಲಿ ಈಗ ಅಷ್ಟು ಬಲವಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿದಾಗ ಅವುಗಳಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು. ಆ ಅಂತರ ತುಂಬಲೆಂದೇ ಸಂವಿಧಾನದ 371(ಜೆ) ವಿಧಿ ಬಂತು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಬಂತು, ಈಚಿನ ಬಜೆಟ್ಟುಗಳಲ್ಲಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ ಉದ್ಘಾಟನೆಯಾಯಿತು. ಸಂತೋಷದ ಸಂಗತಿ, ಬೆಂಗಳೂರಿಗೋ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡುತ್ತಿದ್ದ ಜನಕ್ಕೆ ಅದು ದೊಡ್ಡ ಆಸರೆ. ಆದರೆ ಆ ಆಸ್ಪತ್ರೆಯ ಬಾಗಿಲಿಗೆ ಹೋಗುವ ಪಾಳಿ ಉದ್ದವಾಗುವುದೋ ಗಿಡ್ಡವಾಗುವುದೋ ಎಂಬುದು ತೀರ್ಮಾನವಾಗುವುದು ಮಹಾಗಾಂವ, ಕಮಲಾಪುರದಂಥ ಊರುಗಳ ದವಾಖಾನೆಯಲ್ಲಿ, ಬಿಪಿ ಗುಳಿಗೆ ತಪ್ಪದೆ ಸಿಗುತ್ತದೆಯೇ ಎಂಬುದರ ಮೇಲೆ. ಮಂಡಳಿ ಊರ ದವಾಖಾನೆಗೆ ಕಟ್ಟಡವೋ ಯಂತ್ರವೋ ಕೊಡುವ ಮುನ್ನ ರೋಗಿಗಳಿರುವ ಸಮಿತಿಯ ಅಭಿಪ್ರಾಯ ಕಡತದಲ್ಲಿರಬೇಕು ಎಂದು ಒಂದು ಸಾಲಿನ ಆದೇಶ ಸಾಕು. ಬಳಕೆಗೆ ಬಾರದ ಯಂತ್ರ ಬರುವ ಬದಲು ಕಾಯುವವರ ತಲೆಯ ಮೇಲೆ ಸೂರು ಬರಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬಿಸಿಲಿನ ಕಾರಣಕ್ಕೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ನೌಕರರ ಕಷ್ಟವನ್ನು ಸರ್ಕಾರ ಅರಿತು ವೇಳೆ ಬದಲಿಸಿದ್ದು ಸರಿಯೇ. ಅದೇ ಬಿಸಿಲಿನಲ್ಲಿ ನಡೆದು ಬರುವ ರೋಗಿಗೆ ಯಾವ ವೇಳೆ ಅನುಕೂಲ ಎಂದು ಕೇಳುವುದೂ ಅಷ್ಟೇ ಸರಿ.

ಮೊಬೈಲಿಗೆ ಸಂದೇಶ ಕಳಿಸಿ ಅಭಿಪ್ರಾಯ ಪಡೆಯುವ ‘ಮೇರಾ ಅಸ್ಪತಾಲ್’ 2016ರಿಂದ ಇದೆ, ಗುಣಮಟ್ಟದ ಪ್ರಮಾಣಪತ್ರಕ್ಕೆ ರೋಗಿಗಳ ಸಮೀಕ್ಷೆಯೂ ನಡೆಯುತ್ತದೆ, ಮತ್ತೇನು ಬೇಕು ಎಂದು ಕೇಳುವವರಿದ್ದಾರೆ. ಚೆನ್ನಾಗಿದೆ, ಪರವಾಗಿಲ್ಲ, ಚೆನ್ನಾಗಿಲ್ಲ ಎಂದು ಗುಂಡಿ ಒತ್ತಿಸಿಕೊಂಡರೆ ಅಂಕಿ ಸಿಗುತ್ತದೆ. ಸೂರ್ಯ, ಚಂದ್ರನ ಪೊಟ್ಟಣ ಸಿಗುವುದಿಲ್ಲ. ಅದಕ್ಕೆ ಎದುರುಬದುರು ಕೂತು ಮಾತಾಡಬೇಕು, ಆಡಿದ ಮಾತು ಪುಸ್ತಕದಲ್ಲಿ ದಾಖಲಾಗಬೇಕು, ಏನಾಯಿತೆಂದು ಮೂವತ್ತು ದಿನದೊಳಗೆ ದವಾಖಾನೆಯ ಗೋಡೆಯ ಮೇಲೆ ಬರೆದು ಹಾಕಬೇಕು. ಮಾಡಿದ್ದೇವೆ ಎಂದೋ, ಇಂಥ ಕಾರಣಕ್ಕೆ ಆಗುವುದಿಲ್ಲ ಎಂದೋ ಉತ್ತರ ಇರಬೇಕು. ಓದು ಬರದವರಿಗೆ ಆಶಾ ಕಾರ್ಯಕರ್ತೆ ಅದನ್ನು ಊರಲ್ಲಿ ಓದಿ ಹೇಳಬೇಕು.

ಇದಕ್ಕೆ ಆರೋಗ್ಯ ಇಲಾಖೆಯ ಸುತ್ತೋಲೆ ಬರುವವರೆಗೆ ಕಾಯಬೇಕಿಲ್ಲ. ಸಮಿತಿಯ ಸಭೆಗೆ ರೋಗಿಗಳನ್ನು ವಿಶೇಷವಾಗಿ ಆಹ್ವಾನಿಸಲು ಯಾರ ಅಪ್ಪಣೆಯೂ ಬೇಡ. ವೈದ್ಯಾಧಿಕಾರಿಗಳು ಮುಂದಿನ ತಿಂಗಳಿನಿಂದಲೇ ಕರೆಯಬಹುದು. ಮಹಾಗಾಂವ, ಕಮಲಾಪುರದ ಸುತ್ತಿನ ಓದುಗರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ದವಾಖಾನೆಗೆ ಹೋದಾಗ ಪಾಳಿ ಮುಗಿದ ಮೇಲೆ ಐದು ನಿಮಿಷ ನಿಲ್ಲಿ. ಇಲ್ಲಿನ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ನಡೆಯಿತು, ಈ ವರ್ಷದ ಹಣ ಯಾವುದಕ್ಕೆ ಖರ್ಚಾಯಿತು ಎಂದು ಸಮಾಧಾನದಿಂದ ಕೇಳಿ. ಉತ್ತರ ಸಿಗದಿದ್ದರೆ ಗ್ರಾಮ ಸಭೆಯಲ್ಲಿ ಕೇಳಿ. ಅಲ್ಲಿಯೂ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ.